ಫಿಗ್ಮಾ ಬಲ್ಲವರಿಗೆ ಯುಎಕ್ಸ್ ಇಂಟರ್ನ್‌ಶಿಪ್‌ನಲ್ಲಿ ಕಲಿಯಲು ಏನಿದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಆ್ಯಪ್, ಜಾಲತಾಣಗಳ ಪರದೆ ವಿನ್ಯಾಸಕ್ಕೆ ಬಳಸುವ ಫಿಗ್ಮಾ ತಂತ್ರಾಂಶ ಚೆನ್ನಾಗಿ ಬರುತ್ತದೆ, ಆನ್‌ಲೈನ್ ಕೋರ್ಸ್ ಕೂಡ ಮುಗಿಸಿದ್ದೇನೆ. ಯುಎಕ್ಸ್ (ಬಳಕೆದಾರರ ಅನುಭವ) ಡಿಸೈನ್ ಇಂಟರ್ನ್‌ಶಿಪ್‌ಗೆ ಸೇರಿದರೆ ಇದಕ್ಕಿಂತ ಹೆಚ್ಚಿನದೇನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಫಿಗ್ಮಾದ ಹೊರಗೇ ಸಿಗುತ್ತದೆ. ಪರದೆಗಳನ್ನು ಅಂದವಾಗಿ ಜೋಡಿಸುವ ಕೈಚಳಕ ನಿಮ್ಮೊಂದಿಗೆ ಅರ್ಜಿ ಹಾಕುವ ಬಹುತೇಕರಿಗೂ ಇರುತ್ತದೆ. ಅಪರಿಚಿತರೊಬ್ಬರು ನಿಮ್ಮ ವಿನ್ಯಾಸವನ್ನು ಬಳಸುತ್ತಾ ತಡವರಿಸುವಾಗ, ನೆರವಿಗೆ ಧಾವಿಸದೆ ಸುಮ್ಮನೆ ಕುಳಿತು ನೋಡುವ ಅಭ್ಯಾಸ ಮಾತ್ರ ಯಾವ ಕೋರ್ಸಿನಿಂದಲೂ ಬರುವುದಿಲ್ಲ. ನಾನು ಇಂಟರ್ನ್ ಆಗಿದ್ದಾಗ ಕಲಿತದ್ದರಲ್ಲಿ ಇಂದಿಗೂ ನಿತ್ಯ ಬಳಕೆಗೆ ಬರುತ್ತಿರುವುದು ಇದೇ.

ಬಳಕೆದಾರರಿಗೆ ಒಂದು ಕೆಲಸ ಒಪ್ಪಿಸಿ, ಅದನ್ನು ಮಾಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುವಂತೆ ಕೇಳಿಕೊಳ್ಳುವುದು ಈ ಕ್ಷೇತ್ರದ ಹಳೆಯ ಪರೀಕ್ಷಾ ಕ್ರಮ. ಗಾಂಧಿ ಬಜಾರಿನ ಹೂವಿನ ವ್ಯಾಪಾರಿಯೊಬ್ಬರ ಕೈಗೆ ಹಣ ಪಾವತಿ ಆ್ಯಪ್‌ನ ಮಾದರಿಯೊಂದನ್ನು ಕೊಟ್ಟಾಗ ಅವರು ಮೊತ್ತವನ್ನು ಸರಾಗವಾಗಿ ತುಂಬಿದರು. ಬಳಿಕ ‘ಮುಂದುವರಿಯಿರಿ’ ಎಂಬ ಗುಂಡಿಯ ಮೇಲೆ ಹೆಬ್ಬೆರಳು ತಂದು ನಿಲ್ಲಿಸಿ, ‘ಇದನ್ನೊತ್ತಿದ್ರೆ ದುಡ್ಡು ಹೋಗ್ಬಿಡತ್ತಾ?’ ಎಂದು ಕೇಳಿದರು. ಇಲ್ಲ, ಮುಂದಿನ ಪುಟದಲ್ಲಿ ವಿವರ ಕಾಣಿಸುತ್ತದೆ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಹೇಳಿದರೆ ಪರೀಕ್ಷೆ ಅಲ್ಲಿಗೆ ಮುಗಿದಂತೆ, ಏಕೆಂದರೆ ನಾಳೆ ಅವರು ಒಬ್ಬರೇ ಅಂಗಡಿಯಲ್ಲಿ ಕುಳಿತು ಫೋನ್ ನೋಡುವಾಗ ನೀವು ಪಕ್ಕದಲ್ಲಿರುವುದಿಲ್ಲ. ‘ನಿಮಗೇನನ್ನಿಸುತ್ತದೆ?’ ಎಂದು ಮರುಪ್ರಶ್ನೆ ಹಾಕಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಆ ಗುಂಡಿಯ ಮೇಲಿನ ಬರಹ ನಂತರ ‘ಮೊತ್ತ ನೋಡಿ’ ಎಂದಾಯಿತು.

ಎಷ್ಟು ಜನರನ್ನು ಹೀಗೆ ಕೂರಿಸಬೇಕು ಎಂಬುದಕ್ಕೆ ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲಿ ಕೊಟ್ಟ ಲೆಕ್ಕ ಪ್ರಸಿದ್ಧವಾಗಿದೆ. ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಕಾಣುತ್ತವೆಂದು ಹಿಡಿದರೆ, ಐವರಿಂದ ಶೇ 85ರಷ್ಟು ಬಯಲಾಗುತ್ತವೆ. ಈ ‘ಐವರು ಸಾಕು’ ಎಂಬ ಮಾತನ್ನು ಎಲ್ಲ ಕಚೇರಿಗಳಲ್ಲೂ ಕೇಳುತ್ತೀರಿ, ಆದರೆ ಅದರ ಷರತ್ತನ್ನು ನೆನಪಿಡುವವರು ಕಡಿಮೆ. ಆ ಐವರು ಒಂದೇ ಬಗೆಯ ಬಳಕೆದಾರರಾಗಿದ್ದಾಗ ಮಾತ್ರ ಲೆಕ್ಕ ಹೊಂದುತ್ತದೆ. ಬಳಕೆದಾರರ ಗುಂಪುಗಳು ತೀರಾ ಬೇರೆಬೇರೆಯಾಗಿದ್ದರೆ ಪ್ರತಿ ಗುಂಪಿನಿಂದಲೂ ಕೆಲವರನ್ನು ಕರೆಯಬೇಕೆಂದು ನೀಲ್ಸನ್ ಅವರೇ ಹೇಳಿದ್ದಾರೆ. ಕೋರಮಂಗಲದ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನ ಐವರನ್ನು ಕೇಳಿ ಪರೀಕ್ಷೆ ಮುಗಿಸುವುದು ಕಾಫಿ ವಿರಾಮವೆನಿಸೀತೇ ಹೊರತು ಸಂಶೋಧನೆಯಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಿಮಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಕಡೆಗಣಿಸಬೇಡಿ. ಇಲ್ಲಿನ ಎಷ್ಟೋ ವಿನ್ಯಾಸ ತಂಡಗಳಲ್ಲಿ ಕನ್ನಡ ಬಲ್ಲವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಇಂಗ್ಲಿಷಿಗೆಂದು ಹೊಂದಿಸಿದ ಪರದೆಗೆ ಕನ್ನಡ ತುಂಬಿದಾಗ ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ; ಮೇಲಿನ ಉದಾಹರಣೆಯ ‘ಮೊತ್ತ’ ಫೋನಿನಲ್ಲಿ ‘ಮೊತ’ ಎಂದು ಕಂಡರೂ ಲಿಪಿ ಗೊತ್ತಿಲ್ಲದವರಿಗೆ ಅದು ಸರಿಯಾಗಿಯೇ ಇರುತ್ತದೆ. ಇದನ್ನು ಹಿಡಿದು, ಸ್ಕ್ರೀನ್‌ಶಾಟ್ ಸಮೇತ, ಸಾಲಿನ ಎತ್ತರ ಎಷ್ಟಿರಬೇಕೆಂದು ಎಂಜಿನಿಯರಿಗೆ ಬರೆದುಕೊಡುವ ಇಂಟರ್ನ್‌ನ ಮಾತಿಗೆ ಬೇಗನೆ ಬೆಲೆ ಬರುತ್ತದೆ. ಬಣ್ಣದ ವಿಷಯವೂ ಹಾಗೆಯೇ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕೆಂದು, ಅಂಗವಿಕಲರೂ ಸೇರಿ ಎಲ್ಲರೂ ಜಾಲತಾಣಗಳನ್ನು ಬಳಸುವಂತಾಗಲು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಎಂಬ ಮಧ್ಯಮ ಮಟ್ಟ ಹೇಳುತ್ತದೆ. ಎಸಿ ಕೋಣೆಯ ಮಾನಿಟರಿನಲ್ಲಿ ಸೊಗಸಾಗಿ ಕಾಣುವ ತಿಳಿ ಬೂದು ಅಕ್ಷರಗಳನ್ನು ಮೆಜೆಸ್ಟಿಕ್ಕಿನ ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ ಓದಿ ನೋಡಿ.

ನೀವು ಮಾಡಿದ ವಿನ್ಯಾಸಗಳಲ್ಲಿ ಬಹಳಷ್ಟು ಬಿಡುಗಡೆಯಾಗುವುದೇ ಇಲ್ಲ. ಅದಕ್ಕೆ ಬೇಸರಪಡುವ ಕಾರಣವಿಲ್ಲ. ಯಾವುದನ್ನು ಏಕೆ ಕೈಬಿಟ್ಟಿರಿ ಎಂಬುದನ್ನು ಅಂದಂದೇ ಬರೆದಿಟ್ಟರೆ ಸಂದರ್ಶಕರು ಆ ಟಿಪ್ಪಣಿಗಳನ್ನೇ ಹೆಚ್ಚು ಆಸಕ್ತಿಯಿಂದ ಓದುತ್ತಾರೆ.

ಆದ್ದರಿಂದ ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮೊದಲು, ಬಳಕೆದಾರರನ್ನು ಭೇಟಿಯಾಗುವ ಅವಕಾಶ ಇದೆಯೇ ಎಂದು ನೇರವಾಗಿ ಕೇಳಿ. ಬ್ಯಾನರ್ ಮತ್ತು ಪೋಸ್ಟರ್ ಮಾಡಿಸಿಕೊಳ್ಳುವುದಷ್ಟೇ ಅವರ ಉದ್ದೇಶವಾಗಿದ್ದರೆ ಉತ್ತರ ಅಡ್ಡಾದಿಡ್ಡಿಯಾಗಿರುತ್ತದೆ, ಅಂಥ ಕಡೆ ಹೋಗದಿರುವುದೇ ಲೇಸು. ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಲು ಅನುಮತಿ ಇದೆಯೇ ಎಂಬುದನ್ನೂ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇಮೇಲ್‌ನಲ್ಲಿ ಬರೆಸಿಕೊಳ್ಳಿ.