ಎಕ್ಸ್‌ಟೆಂಡೆಡ್ ವಾರಂಟಿ: ಯಾವ ಕಂಪ್ಯೂಟರಿಗೆ ಬೇಕು, ಯಾವುದಕ್ಕೆ ಬೇಡ

ಹೊಸ ಲ್ಯಾಪ್‌ಟಾಪಿಗೆ ಕಂಪನಿ ಕೊಡುವ ವಾರಂಟಿ ನಮ್ಮಲ್ಲಿ ಸಾಮಾನ್ಯವಾಗಿ ಒಂದು ವರ್ಷದ್ದು. ಅದು ಮುಗಿದ ಮೇಲೂ ರಿಪೇರಿ ಪುಕ್ಕಟೆ ಆಗಲೆಂದು ಬೇರೆ ದುಡ್ಡು ಕೊಟ್ಟು ಕೊಳ್ಳುವುದೇ ಎಕ್ಸ್‌ಟೆಂಡೆಡ್ ವಾರಂಟಿ.

ತಾನಾಗಿ ಕೆಟ್ಟದ್ದಕ್ಕೆ ಮಾತ್ರ ಇದು ಅನ್ವಯ. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿದ್ದು, ಬಿದ್ದು ಡಿಸ್‌ಪ್ಲೇ ಒಡೆದದ್ದು ಸೇರುವುದಿಲ್ಲ. ಸರ್ವಿಸ್ ಸೆಂಟರಿನವರು ಅದನ್ನು ‘ಸಿಐಡಿ’ ಎಂದು ಬರೆದುಬಿಡುತ್ತಾರೆ. ಪೊಲೀಸರಲ್ಲ, ‘ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್’, ಅಂದರೆ ಗ್ರಾಹಕರ ಕೈಯಿಂದಾದ ಹಾನಿ. ಹೆಚ್ಚು ಜಗಳವಾಗುವುದು ಹಿಂಜ್, ಅಂದರೆ ಪರದೆ ತೆರೆದು ಮುಚ್ಚುವ ಕೀಲಿನ ವಿಷಯದಲ್ಲಿ. ಹಿಂಜ್ ಬಿಗಿಯಾಗುತ್ತಾ ಬಂದು, ಪ್ಲಾಸ್ಟಿಕ್ ಬಾಡಿಯಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟು ಕಿತ್ತುಬರುತ್ತದೆ. ಅದನ್ನೂ ಎಷ್ಟೋ ಸಲ ಸಿಐಡಿಗೇ ಸೇರಿಸುತ್ತಾರೆ. ಇಂಥದ್ದಕ್ಕೆಲ್ಲ ಬೇಕಾದದ್ದು ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್. ಅದರ ದರ ಬೇರೆ. ಬ್ಯಾಟರಿಯ ವಾರಂಟಿಯೂ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿಯಿತು.

ಹಾಗಾದರೆ ಉಳಿಯುವುದೇನು? ಮುಖ್ಯವಾಗಿ ಮದರ್‌ಬೋರ್ಡ್, ಅಂದರೆ ಚಿಪ್ಪುಗಳೆಲ್ಲ ಕೂತಿರುವ ಮುಖ್ಯ ಬೋರ್ಡು. ತೆಳು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಹಲವದರಲ್ಲಿ ರ‍್ಯಾಮ್ ಕೂಡ. ಒಂದು ಚಿಪ್ ಹೋದರೂ ಸರ್ವಿಸ್ ಸೆಂಟರಿನವರು ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಆದ್ದರಿಂದ ಕೊಳ್ಳುವ ಮುಂಚೆ ಅಲ್ಲಿಗೆ ಫೋನ್ ಮಾಡಿ, ನಿಮ್ಮ ಮಾಡೆಲ್ಲಿನ ಬೋರ್ಡಿಗೆ ಎಷ್ಟು ಎಂದು ಕೇಳಿ. ಬೋರ್ಡು 25,000 ರೂಪಾಯಿ, ಎರಡು ವರ್ಷದ ಪ್ಲಾನು 6,000 ಎಂದಿಟ್ಟುಕೊಳ್ಳಿ: ಅಂಥ ನಾಲ್ಕು ಯಂತ್ರಗಳಲ್ಲಿ ಒಂದಾದರೂ ಕೆಡುವಂತಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅದೇ 3,000ಕ್ಕೆ ಸಿಕ್ಕರೆ, ದಿನವಿಡೀ ಕೆಲಸ ಮಾಡುವ ಯಂತ್ರಕ್ಕೆ ಹಾಕಿಸಬಹುದು.

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪಿಗೆ ಖಂಡಿತ ಬೇಡ. ಡಬ್ಬಿಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ 3 ವರ್ಷ, ಫೈಲುಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿಗೆ 3 ಅಥವಾ 5 ವರ್ಷದ ವಾರಂಟಿ ಹೇಗೂ ಇದೆ. ಬಿಲ್ಲು, ಸೀರಿಯಲ್ ನಂಬರಿನ ಸ್ಟಿಕರು ಜೋಪಾನವಾಗಿದ್ದರೆ ಸಾಕು.

ಕೊಳ್ಳುವುದೇ ಆದರೆ ಕಂಪನಿಯದ್ದನ್ನೇ ಕೊಳ್ಳಿ. ಅಂಗಡಿಯವರು ಮಾರುವ ಬೇರೆಯವರ ಪ್ಲಾನುಗಳಲ್ಲಿ ಯಂತ್ರ ಹಳೆಯದಾದಷ್ಟೂ ಸವಕಳಿಯೆಂದು ಹಣ ಕಳೆದು ಕೊಡುವ ಷರತ್ತು ಇರಬಹುದು. ಬಿಲ್ಲಿನ ದಿನವೇ ಹಾಕಿಸಬೇಕೆಂದೂ ಇಲ್ಲ. ಬಹುತೇಕ ಕಂಪನಿಗಳು ಮೊದಲ ವಾರಂಟಿ ಮುಗಿಯುವ ಮುನ್ನ ಯಾವಾಗಲಾದರೂ ಕೊಡುತ್ತವೆ. ಹಾಕಿಸಿದ ಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ಮುಗಿಯುವ ದಿನಾಂಕ ನೋಡಿ. ಡೀಲರಿಗೆ ಮಾಲು ಹೋದ ದಿನದಿಂದ ಎಣಿಸಿ ಒಂದೆರಡು ತಿಂಗಳು ಕಡಿಮೆ ತೋರಿಸುವುದುಂಟು. ಬಿಲ್ಲಿನ ಪ್ರತಿ ಕಳಿಸಿದರೆ ಸರಿಮಾಡಿಕೊಡುತ್ತಾರೆ.