ಪಾಲಕರು ಯಾರೆಂದು ಕೇಳಿದ ಕಾನೂನು, ಪಾಲನೆ ಹೇಗಿದೆಯೆಂದು ಕೇಳಲಿಲ್ಲ

ಶಿಡ್ಲಘಟ್ಟದ ಆಸುಪಾಸಿನ ರೇಷ್ಮೆ ಹಳ್ಳಿಯೊಂದರಲ್ಲಿ, ಬೌದ್ಧಿಕ ಅಂಗವಿಕಲತೆಯುಳ್ಳ ನಲವತ್ತರ ಪ್ರಾಯದ ಒಬ್ಬರು, ತಂದೆತಾಯಿ ತೀರಿಕೊಂಡ ಮೇಲೆ ಮೂವರು ಅಣ್ಣಂದಿರ ಮನೆಗಳಲ್ಲಿ ನಾಲ್ಕು ನಾಲ್ಕು ತಿಂಗಳ ಸರದಿಯ ಮೇಲೆ ಇರುತ್ತಾರೆ. ದೊಡ್ಡಣ್ಣನ ಮನೆಯಲ್ಲಿ ಅವರಿಗೊಂದು ಕೆಲಸವಿದೆ. ಹುಳು ಗೂಡು ಕಟ್ಟಿ ಮುಗಿಸಿದ ಕೆಲವು ದಿನಗಳ ಮೇಲೆ ಚಂದ್ರಿಕೆಯ (ಹುಳು ಗೂಡು ಕಟ್ಟಲು ಬಿಡುವ ತಟ್ಟೆಯ) ಮುಂದೆ ಅತ್ತಿಗೆಯ ಪಕ್ಕದಲ್ಲಿ ಕುಳಿತು ಗೂಡು ಬಿಡಿಸುತ್ತಾರೆ, ಕಲೆಯಾದುದನ್ನು ಒಂದೂ ತಪ್ಪದಂತೆ ಬೇರೆ ಬುಟ್ಟಿಗೆ ಹಾಕುತ್ತಾರೆ. ಪೇಟೆಯಲ್ಲಿರುವ ಎರಡನೆಯ ಅಣ್ಣನ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ, ಹಗಲೆಲ್ಲ ಹೊರಗಿನಿಂದ ಚಿಲಕ. ಒಮ್ಮೆ ಸರದಿ ಬದಲಾದಾಗ ಫಿಟ್ಸ್ ಮಾತ್ರೆ ಹಿಂದಿನ ಮನೆಯ ಗೋಡೆಗೂಡಿನಲ್ಲೇ ಉಳಿದುಹೋಗಿ, ಮೂರನೆಯ ಮನೆಯವರಿಗೆ ಅದರ ವಿಷಯ ತಿಳಿದದ್ದು ಅವರು ಬಚ್ಚಲಲ್ಲಿ ಬಿದ್ದ ಮೇಲೆಯೇ. ಮೂರೂ ಮನೆಗಳಲ್ಲಿ ಊಟಕ್ಕೆ ಕೊರತೆಯಿಲ್ಲ, ಪ್ರೀತಿಯೂ ಇಲ್ಲವೆನ್ನಲಾಗದು. ಹಾಗಿದ್ದರೂ ಮೂರು ಮನೆಗಳ ಪಾಲನೆ ಒಂದೇ ಬಗೆಯದಲ್ಲ, ಮತ್ತು ಆ ವ್ಯತ್ಯಾಸವನ್ನು ನೋಡಬೇಕಾದವರು ಯಾರೆಂಬುದು ಎಲ್ಲಿಯೂ ಬರೆದಿಲ್ಲ.

ಇದಕ್ಕೆ ಒಂದು ಚರಿತ್ರೆಯಿದೆ. 1912ರ ಭಾರತೀಯ ಹುಚ್ಚರ ಕಾಯ್ದೆ (ಅದರ ಹೆಸರೇ ಹಾಗಿತ್ತು) ಮನೋರೋಗವನ್ನೂ ಬುದ್ಧಿಮಾಂದ್ಯವನ್ನೂ (ಬೌದ್ಧಿಕ ಅಂಗವಿಕಲತೆಯ ಹಳೆಯ ಹೆಸರು) ಒಂದೇ ವ್ಯಾಖ್ಯೆಯೊಳಗೆ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಇವೆರಡನ್ನೂ ಬೇರ್ಪಡಿಸಿ, ಬುದ್ಧಿಮಾಂದ್ಯವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅದು ಸರಿಯಾದ ಹೆಜ್ಜೆಯೇ. ಆದರೆ 1993ರಲ್ಲಿ ಆ ಕಾಯ್ದೆ ಜಾರಿಗೆ ಬಂದು ಹಳೆಯದು ರದ್ದಾದಾಗ, ಹದಿನೆಂಟು ದಾಟಿದ ಮಗನಿಗೆ ಅಥವಾ ಮಗಳಿಗೆ ಪಾಲಕರನ್ನು ನೇಮಿಸಿಕೊಳ್ಳಲು ತಂದೆತಾಯಿಗಳಿಗಿದ್ದ ದಾರಿಯೂ ಅದರೊಡನೆ ಹೋಯಿತು. ‘ನಮ್ಮ ನಂತರ ಯಾರು?’ ಎಂಬ ಅವರ ಪ್ರಶ್ನೆಗೆ ಉತ್ತರವಾಗಿ ಬಂದದ್ದು, ಇಂಥವರ ಹಿತಕ್ಕಾಗಿ ನ್ಯಾಷನಲ್ ಟ್ರಸ್ಟ್ ಎಂಬ ಕೇಂದ್ರ ಸಂಸ್ಥೆಯನ್ನು ಕಟ್ಟಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ.

ಆ ಕಾಯ್ದೆಯ ಪ್ರಕಾರ ಪಾಲಕರನ್ನು ನೇಮಿಸುವುದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಟ್ರಸ್ಟಿನಲ್ಲಿ ನೋಂದಾಯಿತವಾದ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರಬೇಕು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೂ ಇದೇ ನಿಯಮ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಹೊಲಮನೆಯ ಆಸೆಗೆ ಪಾಲಕರಾಗುವವರು ಇರುವಾಗ ಇದು ಅಗತ್ಯವೇ. ಆದರೆ ಜಮೀನಿಗೆ ಪ್ರತಿ ವರ್ಷ ಲೆಕ್ಕ ಕೇಳುವ ಕಾಯ್ದೆಯಲ್ಲಿ, ಆ ಜಮೀನಿನ ಒಡೆಯರು ದಿನವಿಡೀ ಏನು ಮಾಡುತ್ತಾರೆ, ಹೊರಗೆ ಹೋಗುತ್ತಾರೆಯೇ, ಯಾರೊಡನೆ ಮಾತಾಡುತ್ತಾರೆ ಎಂಬುದಕ್ಕೆ ಅಂಥ ವಾರ್ಷಿಕ ವರದಿಯಿಲ್ಲ. ಪಾಲಕರು ಹಿಂಸಿಸಿದರೆ ಅಥವಾ ಅಲಕ್ಷಿಸಿದರೆ ಅವರನ್ನು ತೆಗೆದುಹಾಕಬಹುದು ಎಂದು 17ನೆಯ ಕಲಮು ಹೇಳುತ್ತದೆ, ನಿಜ. ಅರ್ಜಿ ಹಾಕಬಹುದಾದವರು ಮಾತ್ರ ತಂದೆ ಅಥವಾ ತಾಯಿ, ಸಂಬಂಧಿಕರು, ಇಲ್ಲವೇ ನೋಂದಾಯಿತ ಸಂಸ್ಥೆ. ಯಾರ ಬದುಕಿನ ಪ್ರಶ್ನೆಯೋ ಅವರ ಹೆಸರೇ ಆ ಸಾಲಿನಲ್ಲಿ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಆಸ್ಪತ್ರೆಗಳ ಕಡೆಯಿಂದ ಎದ್ದಿತು. ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯಲ್ಲಿ ನಡೆದ ದೌರ್ಜನ್ಯದ ವಿಚಾರಣಾ ವರದಿ 1969ರಲ್ಲಿ ಹೊರಬಿತ್ತು. 1971ರಲ್ಲಿ ಸರ್ಕಾರವು ಬೌದ್ಧಿಕ ಅಂಗವಿಕಲತೆಯುಳ್ಳವರನ್ನು ದೊಡ್ಡ ಆಸ್ಪತ್ರೆಗಳಿಂದ ಸಮುದಾಯದ ನಡುವೆ ತರುವ ನೀತಿಯನ್ನು ಪ್ರಕಟಿಸಿತು. ಇಂದು ‘ಶೇರ್ಡ್ ಲೈವ್ಸ್’ ಎಂದು ಕರೆಯುವ ಅಲ್ಲಿನ ವ್ಯವಸ್ಥೆಯಲ್ಲಿ ಸಾಮಾನ್ಯ ಕುಟುಂಬವೊಂದು ಹಣ ಪಡೆದು ತನ್ನ ಮನೆಯಲ್ಲೇ ವಯಸ್ಕರೊಬ್ಬರನ್ನು ಇರಿಸಿಕೊಳ್ಳುತ್ತದೆ. ಮೊದಲು ಕುಟುಂಬದ ಪರಿಶೀಲನೆ, ಆಮೇಲೆ ಇಬ್ಬರ ಸ್ವಭಾವ ಹೊಂದುತ್ತದೆಯೇ ಎಂದು ನೋಡಲು ಪರಿಚಯದ ಭೇಟಿಗಳು. ನೋಡಿಕೊಳ್ಳುವವರಿಗೆ ಆಗಾಗ ಬಿಡುವು. ಇಂಗ್ಲೆಂಡಿನಲ್ಲಿ ಈ ಯೋಜನೆಗಳನ್ನು ಆರೈಕೆ ಸೇವೆಗಳ ನಿಯಂತ್ರಣ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ತಪಾಸಣೆ ಮಾಡುತ್ತದೆ. ನಮ್ಮಲ್ಲಿ ನೋಡಿಕೊಳ್ಳುವವರು ರಕ್ತಸಂಬಂಧಿಗಳು. ಅವರನ್ನು ಪರೀಕ್ಷಿಸುವುದೆಂದರೆ ಅನುಮಾನಿಸಿದಂತೆ ಎಂಬ ಸಂಕೋಚ ಇಲ್ಲಿ ಬಲವಾಗಿದೆ, ಮತ್ತು ಆ ಸಂಕೋಚಕ್ಕೆ ಹೆಚ್ಚು ಬೆಲೆ ತೆರುವವರು ಬಿಡುವೇ ಕಾಣದ ಅತ್ತಿಗೆ, ಅಕ್ಕಂದಿರು ಎಂಬುದು ನನ್ನ ಎಣಿಕೆ.

ನ್ಯಾಷನಲ್ ಟ್ರಸ್ಟಿನ ‘ಸಮರ್ಥ್’ ಯೋಜನೆ ಅಂಥ ಬಿಡುವನ್ನೂ, ‘ಘರೌಂದಾ’ ವಯಸ್ಕರಿಗೆ ವಸತಿಯನ್ನೂ ಒದಗಿಸುವ ಉದ್ದೇಶದಿಂದ ಆರಂಭವಾದವು, ಆಮೇಲೆ ಒಂದೇ ಯೋಜನೆಯಾಗಿ ಸೇರಿದವು. ಅದು ನೋಂದಾಯಿತ ಸಂಸ್ಥೆಗಳ ಮೂಲಕ ನಡೆಯುವುದರಿಂದ ಸಂಸ್ಥೆಯಿಲ್ಲದ ತಾಲ್ಲೂಕಿಗೆ ಹೆಸರಿಗಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮುಂದುವರಿದು, ಯಾರೂ ನಿರ್ದಿಷ್ಟ ವಾಸದ ಏರ್ಪಾಡಿಗೆ ಕಟ್ಟುಬೀಳಬೇಕಾಗದಂತೆ ಸರ್ಕಾರ ಪ್ರಯತ್ನಿಸಬೇಕು ಎಂದು 5ನೆಯ ಕಲಮಿನಲ್ಲಿ ಹೇಳಿತು. ಹಾಗಾದರೆ ನಾಲ್ಕು ತಿಂಗಳಿಗೊಮ್ಮೆ ಬಟ್ಟೆಯ ಚೀಲ ಹಿಡಿದು ಮನೆ ಬದಲಿಸುವವರನ್ನು, ಎಲ್ಲಿರಲು ಇಷ್ಟವೆಂದು ಒಮ್ಮೆಯಾದರೂ ಕೇಳಬೇಕಾಗುತ್ತದೆ.

ಕೇಳುವುದಕ್ಕೆ ಹೊಸ ಇಲಾಖೆಯೇನೂ ಬೇಡ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪಿಂಚಣಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಕೆಲಸಕ್ಕಾಗಿ ಈ ಮನೆಗಳ ದಾರಿ ಅವರಿಗೆ ಗೊತ್ತು. ಮಾತ್ರೆ ಕೊಡುವವರು ಯಾರು, ಪಿಂಚಣಿಯ ಪಾಸ್‌ಬುಕ್ ಯಾರ ಕೈಯಲ್ಲಿದೆ, ಹಗಲಲ್ಲಿ ಚಿಲಕ ಯಾವ ಕಡೆಯಿಂದ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅವರ ನಮೂನೆಯಲ್ಲಿ ಜಾಗ ಬೇಕು, ಮತ್ತು ಉತ್ತರವನ್ನು ಆದಷ್ಟೂ ಚಂದ್ರಿಕೆಯ ಮುಂದೆ ಕುಳಿತವರಿಂದಲೇ ಪಡೆಯಬೇಕು.