ಬೋರ್ ಮೋಟಾರಿನ ಪರದೆಗೆ ಕನ್ನಡ

ಚಿತ್ರದುರ್ಗ ಜಿಲ್ಲೆಯ ತೋಟಗಳಲ್ಲಿ ಬೋರ್ ಮೋಟಾರಿನ ಪ್ಯಾನಲ್ ಬೋರ್ಡಿಗೂ ಈಗ ಪುಟ್ಟ ಡಿಸ್‌ಪ್ಲೇ ಬರುತ್ತಿದೆ. ಬೋರ್ ಬತ್ತಿದರೆ ಮೋಟಾರ್ ತಾನೇ ನಿಲ್ಲುತ್ತದೆ, ಪರದೆ ಮೇಲೆ ‘ಡ್ರೈ ರನ್’ ಅಂತ ಇಂಗ್ಲಿಷಿನಲ್ಲಿ ಮೂಡುತ್ತದೆ. ಓದಬೇಕಾದವರು ರೈತರು. ‘ಬೋರಿನಲ್ಲಿ ನೀರಿಲ್ಲ’ ಅಂತಲೇ ತೋರಿಸಬಹುದಲ್ವಾ? ಖಂಡಿತ ಬಹುದು. ಆದರೆ ಸುಮ್ನೆ ಒಂದು ಫಾಂಟ್ ತುಂಬಿದರೆ ಆಗುವ ಕೆಲಸವಲ್ಲ.

ಇಂಗ್ಲಿಷಿಗೆ ಅಂಕಿ, ಚಿಹ್ನೆ ಎಲ್ಲ ಸೇರಿ 95 ಚಿತ್ರ ಸಾಕು. ಅವನ್ನು ಒಂದರ ಪಕ್ಕ ಒಂದು ಇಟ್ಟರೆ ಪದವಾಯಿತು.

ಕನ್ನಡಕ್ಕೆ, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ 128 ಜಾಗಗಳಿವೆ. ಅಲ್ಲಿ ‘ತ’ ಇದೆ, ‘ರ’ ಇದೆ, ‘ತ್ರ’ ಇಲ್ಲ. ಅದನ್ನು ತ, ಸ್ವರ ತೆಗೆಯುವ ವಿರಾಮ (್), ರ ಎಂಬ ಮೂರು ಸಂಕೇತಗಳಿಂದ ಕಟ್ಟಬೇಕು. ‘ದಾವಣಗೆರೆ’ಯಲ್ಲಿ ಒತ್ತಕ್ಷರವಿಲ್ಲ, ದೀರ್ಘ ಮತ್ತು ಎತ್ವ ಕೂಡಿಸಿದರೆ ಆಯಿತು. ‘ಚಿತ್ರದುರ್ಗ’ ಹಾಗಲ್ಲ. ಕಣ್ಣಿಗೆ ನಾಲ್ಕೇ ಅಕ್ಷರ, ಮೆಮೊರಿಯಲ್ಲಿ 10 ಸಂಕೇತ. ಒಂದೊಂದಕ್ಕೆ 3 ಬೈಟ್‌ನಂತೆ ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ 30 ಬೈಟ್. ಕೊನೆಯ ‘ರ್ಗ’ ನೋಡಿ. ಉಚ್ಚಾರದಲ್ಲೂ ಮೆಮೊರಿಯಲ್ಲೂ ‘ರ’ ಮೊದಲು, ಬರೆಯುವಾಗ ‘ಗ’ ಮೊದಲು, ಅರ್ಕಾವೊತ್ತು ಆಮೇಲೆ. ಈ ಅದಲುಬದಲು ಗೊತ್ತಿಲ್ಲದ, ಪರದೆ ನಡೆಸುವ ಚಿಪ್ಪು ಊರಿನ ಹೆಸರನ್ನೇ ಮುರಿದು ತೋರಿಸುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಈ ಜೋಡಣೆಯನ್ನು ಹಾರ್ಫ್‌ಬಝ್ ಎಂಬ ತಂತ್ರಾಂಶ ಮಾಡುತ್ತದೆ. ಇಂಥ ಯಂತ್ರ ನಡೆಸುವ ಆರ್ಡುಯಿನೋ ಊನೋ ಆರ್3ನಂಥ ಪುಟ್ಟ ಬೋರ್ಡಿನಲ್ಲಿರುವುದು ಪ್ರೋಗ್ರಾಂ ಇಡಲು 32 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ, ಕೆಲಸ ಮಾಡಲು 2 ಕಿಲೋಬೈಟ್ ರ‍್ಯಾಮ್. ಅಲ್ಲಿ ಅದಕ್ಕೆ ಜಾಗವಿಲ್ಲ. ‘ಹಾಗಾಗಿ ಕನ್ನಡ ಆಗಲ್ಲ’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜೋಡಣೆ ಚಿಪ್ಪಿನೊಳಗೇ ನಡೆಯಬೇಕೆಂದು ಯಾರು ಹೇಳಿದರು?

ಮೋಟಾರ್ ಪ್ಯಾನಲ್ ಹೇಳುವ ಮಾತುಗಳು ಎಷ್ಟಿರುತ್ತವೆ? ನಲವತ್ತು ಅಂದುಕೊಳ್ಳಿ. ಅವನ್ನು ಕಂಪ್ಯೂಟರಿನಲ್ಲೇ ಸರಿಯಾಗಿ ಜೋಡಿಸಿ, ಒಂದೊಂದು ಸಾಲನ್ನೂ ಚುಕ್ಕಿ ಚಿತ್ರವಾಗಿ ಚಿಪ್ಪಿಗೆ ತುಂಬಬಹುದು. 128 ಚುಕ್ಕಿ ಅಗಲ, 24 ಚುಕ್ಕಿ ಎತ್ತರದ ಸಾಲಿಗೆ 384 ಬೈಟ್ ಬೇಕು. ನಲವತ್ತಕ್ಕೆ 15 ಕಿಲೋಬೈಟ್. ಹಿಡಿಸುತ್ತದೆ! ವೋಲ್ಟೇಜ್, ಆಂಪಿಯರ್ ಬದಲಾಗುತ್ತಲೇ ಇರುವುದರಿಂದ ಅಂಕಿಗಳನ್ನಷ್ಟೇ ಬಿಡಿಯಾಗಿ ಇಟ್ಟುಕೊಂಡರಾಯಿತು. ಎತ್ತರದಲ್ಲಿ ಜಿಪುಣತನ ಬೇಡ. ಮೇಲೆ ಗುಡಿಸು, ಕೆಳಗೆ ಒತ್ತು ಬರುವ ಲಿಪಿಗೆ 16 ಚುಕ್ಕಿ ಇಕ್ಕಟ್ಟು. ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಹಳೆಯ 16×2 ಎಲ್‌ಸಿಡಿಯ 8 ಚುಕ್ಕಿಯಲ್ಲಂತೂ ಒತ್ತು ಗುರುತೇ ಸಿಗುವುದಿಲ್ಲ.

ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ತೆಲುಗೂ ಬೇಕಾಗಬಹುದು. ಅದಕ್ಕೆ ಪ್ರತಿ ಸಂದೇಶಕ್ಕೂ ಒಂದು ನಂಬರ್ ಕೊಡಬೇಕು. ಪ್ರೋಗ್ರಾಂ ‘7ನೇ ಸಂದೇಶ’ ಎಂದಷ್ಟೇ ಕೇಳುತ್ತದೆ, ಯಾವ ಭಾಷೆಯ ಚಿತ್ರ ಎಂಬುದನ್ನು ಸೆಟ್ಟಿಂಗ್ ಹೇಳುತ್ತದೆ. ಎರಡು ಭಾಷೆಗೆ 30 ಕಿಲೋಬೈಟ್ ಬೇಕಾಗುವುದರಿಂದ ಹೊರಗೊಂದು ಫ್ಲ್ಯಾಶ್ ಚಿಪ್ ಸೇರಿಸುವುದು ಒಳ್ಳೆಯದು.

ರೈತರ ಹೆಸರನ್ನೇ ಟೈಪ್ ಮಾಡಿ ತೋರಿಸಬೇಕಾದರೆ ಈ ದಾರಿ ಸಾಲದು. ಯಾವ ಹೆಸರು ಬರುತ್ತದೋ ಮೊದಲೇ ಗೊತ್ತಿರುವುದಿಲ್ಲವಲ್ಲ. ಆಗ ದೊಡ್ಡ ಮೆಮೊರಿಯ ಚಿಪ್ಪು, ಜೋಡಣೆಯ ತಂತ್ರಾಂಶ ಎರಡೂ ಬೇಕು. ಅಂಥ ಪರದೆಯನ್ನು ಕೊಳ್ಳುವ ಮುಂಚೆ ‘ಮೊಳಕಾಲ್ಮೂರು’, ‘ಹೊಸದುರ್ಗ’ ಅಂತ ಬರೆಸಿ ನೋಡಿ.